ಹಂಗಾಮಿನ ದುಡಿಮೆಯ ವೀಸಾ: ಕೆಲಸ ಬಿಡುವ ಹಕ್ಕಿನ ಪ್ರಶ್ನೆ

(ಕಾನೂನು ಮತ್ತು ಸಮಾಜವಿಜ್ಞಾನದ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಪರದೇಶದಿಂದ ಬಂದು ಕೆಲವು ತಿಂಗಳು ಹಣ್ಣು ಕಿತ್ತು, ಈರುಳ್ಳಿ ಅಗೆದು, ಹುಲ್ಲುಹಾಸು ಕತ್ತರಿಸಿ, ಹಂಗಾಮು ಮುಗಿದೊಡನೆ ಊರಿಗೆ ಮರಳುವ ಕೆಲಸಗಾರರಿಗೆ ಶ್ರೀಮಂತ ದೇಶಗಳು ಕೊಡುವ ವೀಸಾಗಳ ಕುರಿತು ಚರ್ಚೆ ಎದ್ದಾಗಲೆಲ್ಲ ಎರಡು ಪ್ರಶ್ನೆಗಳೇ ಮುಂದೆ ಬರುತ್ತವೆ. ಎಷ್ಟು ಜನರನ್ನು ಒಳಗೆ ಬಿಡಬೇಕು, ಅವರಿಗೆ ಎಷ್ಟು ಕೂಲಿ ಕೊಡಬೇಕು. ಸಂಸತ್ತುಗಳಲ್ಲಿ ವಾದ ನಡೆಯುವುದು ಇವೆರಡರ ಮೇಲೆ, ಪತ್ರಿಕೆಗಳಲ್ಲಿ ತಲೆಬರಹ ಆಗುವುದೂ ಇವೆರಡೇ. ನನ್ನ ಇಂದಿನ ಮಾತು ಮೂರನೆಯ ಪ್ರಶ್ನೆಯೊಂದನ್ನು ಕುರಿತದ್ದು: ಅಲ್ಲಿಗೆ ಹೋದ ಕೆಲಸಗಾರನಿಗೆ ಆ ಕೆಲಸ ಬೇಡವೆನಿಸಿದರೆ ಏನಾಗುತ್ತದೆ? ವೀಸಾ ನಿಯಮಗಳ ಸುಧಾರಣೆ ಎಂದು ನಾವು ಕರೆಯುವುದರ ಬಹುಪಾಲು ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ನಿಂತಿದೆ ಎಂಬುದು ನನ್ನ ವಾದ. ಕೂಲಿ, ವಸತಿ, ಸುರಕ್ಷತೆಗಳ ಬಗ್ಗೆ ಎಷ್ಟೇ ಒಳ್ಳೆಯ ನಿಯಮ ಬರೆದರೂ, ಕೆಲಸ ಬಿಡಲಾಗದವನಿಗೆ ಅವನ್ನು ಕೇಳಿ ಪಡೆಯುವ ಬಲ ಇರುವುದಿಲ್ಲ.

ಉದಾಹರಣೆಗಾಗಿ ಮುಖ್ಯವಾಗಿ ಅಮೆರಿಕವನ್ನು ಆರಿಸಿಕೊಂಡಿದ್ದೇನೆ. ಅಲ್ಲಿನ ವ್ಯವಸ್ಥೆ ಹಳೆಯದು, ದೊಡ್ಡದು, ಅದರ ಮೇಲೆ ನ್ಯಾಯಾಲಯದ ದಾಖಲೆಗಳೂ ಬಹಳ ಇವೆ. ಜೊತೆಗೆ, ಆ ವ್ಯವಸ್ಥೆಯ ಅತ್ಯಂತ ಕೆಟ್ಟ ಪ್ರಕರಣಗಳಲ್ಲಿ ಒಂದರ ಸಂತ್ರಸ್ತರು ನಮ್ಮ ದೇಶದವರೇ.

ಮೊದಲು ಸ್ವಲ್ಪ ಚರಿತ್ರೆ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಹೊಲಗಳಲ್ಲಿ ಆಳುಗಳಿಲ್ಲವೆಂದು ಅಮೆರಿಕವು ಮೆಕ್ಸಿಕೊದೊಡನೆ ಒಪ್ಪಂದ ಮಾಡಿಕೊಂಡಿತು. 'ಬ್ರಸೇರೊ' ಕಾರ್ಯಕ್ರಮವೆಂದು ಹೆಸರಾದ ಆ ಏರ್ಪಾಡು ಯುದ್ಧ ಮುಗಿದರೂ ಮುಗಿಯದೆ 1964ರವರೆಗೆ ನಡೆಯಿತು. ಆ 22 ವರ್ಷಗಳಲ್ಲಿ 45 ಲಕ್ಷಕ್ಕೂ ಹೆಚ್ಚು ಕರಾರುಗಳಿಗೆ ಸಹಿ ಬಿತ್ತು. ಮೊದಲ ವರ್ಷಗಳಲ್ಲಿ ಕೂಲಿಯ ನೂರಕ್ಕೆ ಹತ್ತರಷ್ಟನ್ನು ಕಡಿತ ಮಾಡಿ, ಊರಿಗೆ ಮರಳಿದ ಮೇಲೆ ಕೊಡುತ್ತೇವೆಂದು ಬ್ಯಾಂಕುಗಳಿಗೆ ಕಳುಹಿಸಲಾಯಿತು. ಹಂಗಾಮು ಮುಗಿದೊಡನೆ ಅವರು ಮರಳಲಿ ಎಂಬುದು ಉದ್ದೇಶ. ಆ ಹಣ ಬಹಳ ಜನರ ಕೈ ಸೇರಲೇ ಇಲ್ಲ. ಮುದುಕರಾದ ಮೇಲೂ ಅವರು ಅದಕ್ಕಾಗಿ ಮೊಕದ್ದಮೆ ಹೂಡಿ ಅಲೆದರು. ಕೆಲಸಗಾರನ ಹಣವನ್ನು ಬೇರೆಯವರ ಕೈಯಲ್ಲಿಟ್ಟು ಅವನ ಓಡಾಟವನ್ನು ಹಿಡಿತದಲ್ಲಿಡುವ ಯೋಚನೆ ಅಲ್ಲಿಂದಲೇ ಇದೆ ಎಂಬುದನ್ನು ನೆನಪಿಡಬೇಕು.

ಇದರ ಜೊತೆಜೊತೆಗೇ, 1952ರ ವಲಸೆ ಕಾಯ್ದೆ 'ಎಚ್-2' ಎಂಬ ವೀಸಾ ವರ್ಗವನ್ನು ಹುಟ್ಟುಹಾಕಿತು. 1986ರಲ್ಲಿ ಅದನ್ನು ಎರಡಾಗಿ ಸೀಳಲಾಯಿತು. ಕೃಷಿ ಕೆಲಸಕ್ಕೆ ಎಚ್-2ಎ, ಕೃಷಿಯೇತರ ತಾತ್ಕಾಲಿಕ ಕೆಲಸಕ್ಕೆ ಎಚ್-2ಬಿ. ಮೊದಲನೆಯದಕ್ಕೆ ವಾರ್ಷಿಕ ಮಿತಿಯಿಲ್ಲ. ಎರಡನೆಯದಕ್ಕೆ 1990ರ ಕಾಯ್ದೆ ವರ್ಷಕ್ಕೆ 66,000ದ ಮಿತಿ ಹಾಕಿತು. ಮಿತಿಯಿಲ್ಲದ ಎಚ್-2ಎ ಬೆಳೆದ ವೇಗ ಬೆರಗು ಹುಟ್ಟಿಸುವಂಥದ್ದು. 2005ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆ ಮಂಜೂರು ಮಾಡಿದ ಹುದ್ದೆಗಳು ಸುಮಾರು 48,000 ಇದ್ದರೆ, 2024ರ ಹೊತ್ತಿಗೆ ಅದು 3,80,000ವನ್ನು ದಾಟಿತ್ತು. ಬಂದವರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿ ಮೆಕ್ಸಿಕೊದವರು.

ಇನ್ನು ಎಚ್-2ಎ ಕರಾರು ಕೆಲಸಗಾರನಿಗೆ ಏನನ್ನು ಮಾತು ಕೊಡುತ್ತದೆ ಎಂಬುದನ್ನು ನೋಡೋಣ. ಕಾಗದದ ಮೇಲೆ ಅದು ಬಡವಾದದ್ದೇನಲ್ಲ, ನಮ್ಮ ದೇಶದ ವಲಸೆ ಕೂಲಿಕಾರನಿಗೆ ಕನಸಿನಲ್ಲೂ ಸಿಗದಷ್ಟು ಅದರಲ್ಲಿದೆ ಎಂದೇ ಹೇಳಬಹುದು. ಮಾಲೀಕ ಉಚಿತ ವಸತಿ ಕೊಡಬೇಕು, ಆ ವಸತಿ ತಪಾಸಣೆಗೆ ಒಳಪಟ್ಟಿರಬೇಕು. ಊರಿನಿಂದ ಬರುವ ಖರ್ಚನ್ನು ಕರಾರಿನ ಅರ್ಧ ಅವಧಿ ಮುಗಿಯುವಷ್ಟರಲ್ಲಿ ಹಿಂದಿರುಗಿಸಬೇಕು, ಪೂರ್ತಿ ಮುಗಿಸಿದವನಿಗೆ ಮರಳುವ ಖರ್ಚನ್ನೂ ಕೊಡಬೇಕು. ವಿದೇಶಿಯರನ್ನು ತಂದದ್ದರಿಂದ ಸ್ಥಳೀಯರ ಕೂಲಿ ಕುಸಿಯದಂತೆ ರಾಜ್ಯವಾರು ಕನಿಷ್ಠ ದರವೊಂದನ್ನು ನಿಗದಿ ಮಾಡಲಾಗುತ್ತದೆ. 2025ರ ಆರಂಭದಲ್ಲಿ ಅದು ಕ್ಯಾಲಿಫೋರ್ನಿಯಾದಲ್ಲಿ ಗಂಟೆಗೆ 19.97 ಡಾಲರ್, ಮಿಸಿಸಿಪ್ಪಿಯಲ್ಲಿ 14.83 ಡಾಲರ್ ಇತ್ತು. ಇವೆಲ್ಲಕ್ಕಿಂತ ಮುಖ್ಯವಾದದ್ದು ಮುಕ್ಕಾಲು ಪಾಲಿನ ಭರವಸೆ. ವಾರಕ್ಕೆ 40 ಗಂಟೆಯಂತೆ 20 ವಾರಗಳ ಕರಾರು ಎಂದುಕೊಳ್ಳಿ. ಒಟ್ಟು 800 ಗಂಟೆ. ಮಾರುಕಟ್ಟೆ ಬಿದ್ದು ಕೊಯ್ಲು ನಿಲ್ಲಿಸಿದರೂ, 600 ಗಂಟೆಯಷ್ಟಾದರೂ ಕೆಲಸ ಕೊಡಬೇಕು, ಇಲ್ಲವೇ ಅಷ್ಟು ಗಂಟೆಯ ಕೂಲಿಯನ್ನು ಎಣಿಸಬೇಕು.

ಆದರೆ ಇದೇ ನಿಯಮಗಳ ಇನ್ನೊಂದು ಮೂಲೆಯಲ್ಲಿ ಒಂದು ಸಾಲಿದೆ. ಕೆಲಸಗಾರ ಕರಾರು ಮುಗಿಯುವ ಮುನ್ನ ತಾನಾಗಿಯೇ ಕೆಲಸ ಬಿಟ್ಟು ಹೋದರೆ, ಅಥವಾ ಸಕಾರಣವಾಗಿ ಕೆಲಸದಿಂದ ತೆಗೆಯಲ್ಪಟ್ಟರೆ, ಮಾಲೀಕನು ಸಂಬಂಧಪಟ್ಟ ಇಲಾಖೆಗಳಿಗೆ ವರದಿ ಮಾಡಿದ ಮೇಲೆ ಈ ಮುಕ್ಕಾಲು ಪಾಲಿನ ಭರವಸೆಯೂ ಇಲ್ಲ, ಮರಳುವ ಟಿಕೆಟ್ಟೂ ಇಲ್ಲ. ವೀಸಾ ಆ ಮಾಲೀಕನ ಅರ್ಜಿಯ ಮೇಲೆ ಸಿಕ್ಕದ್ದಾದ್ದರಿಂದ, ಕೆಲಸ ಹೋದರೆ ದೇಶದಲ್ಲಿರುವ ಹಕ್ಕೂ ಅಲುಗಾಡುತ್ತದೆ. ಮಲಗುವ ಮಂಚ ಮಾಲೀಕನದು, ಆದ್ದರಿಂದ ಅಂದು ರಾತ್ರಿಯ ಸೂರೂ ಹೋಗುತ್ತದೆ. ಇಷ್ಟು ಸಾಲದೆಂಬಂತೆ, ಮುಂದಿನ ವರ್ಷದ ಹಂಗಾಮಿಗೆ ಯಾರನ್ನು ಕರೆಸಬೇಕೆಂಬ ಪಟ್ಟಿಯೂ ಅವನ ಕೈಯಲ್ಲೇ ಇರುತ್ತದೆ. ಕಡಿಮೆ ಕೂಲಿ ಕೊಟ್ಟಾಗ ಕೆಲಸಗಾರ ದೂರು ಕೊಡಬಹುದಲ್ಲ ಎಂದು ಕೇಳುವವರು ಈ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವುದಿಲ್ಲ. ದೂರು ಕೊಡುವವನು ಒಂದೇ ಏಟಿಗೆ ಕೂಲಿ, ಸೂರು, ವೀಸಾ, ಮುಂದಿನ ವರ್ಷದ ಕೆಲಸ ಈ ನಾಲ್ಕನ್ನೂ ಪಣಕ್ಕಿಡಬೇಕಾಗುತ್ತದೆ. ಇನ್ನು ಸರ್ಕಾರವೇ ಬಂದು ನೋಡಲಿ ಎಂದರೆ, ಅಲ್ಲಿನ ಕೃಷಿ ಉದ್ಯೋಗದಾತರಲ್ಲಿ ಯಾವುದೇ ಒಂದು ವರ್ಷ ಕೂಲಿ ತಪಾಸಣೆಗೆ ಒಳಗಾಗುವವರು ನೂರಕ್ಕೆ ಒಬ್ಬರೂ ಇಲ್ಲ.

ಇದರ ಮೇಲೆ ಸಾಲ ಬಂದು ಕೂರುತ್ತದೆ. ನೇಮಕಾತಿಗೆ ಕೆಲಸಗಾರರಿಂದ ಒಂದು ಕಾಸೂ ಪಡೆಯಬಾರದೆಂದು ಅಮೆರಿಕದ ನಿಯಮ ಹೇಳುತ್ತದೆ. ಮೆಕ್ಸಿಕೊ, ಗ್ವಾಟೆಮಾಲಾಗಳ ಹಳ್ಳಿಗಳಲ್ಲಿ ಪಟ್ಟಿಗೆ ಹೆಸರು ಸೇರಿಸುವ ಏಜೆಂಟನಿಗೆ ಆ ನಿಯಮ ತಲುಪುವುದಿಲ್ಲ. ಈ ಸಾಲದ ಕೆಲಸವೇನು ಎಂಬುದನ್ನು ತೋರಿಸಲು ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

2005ರಲ್ಲಿ ಕತ್ರೀನಾ ಚಂಡಮಾರುತ ಮೆಕ್ಸಿಕೊ ಕೊಲ್ಲಿಯ ತೀರವನ್ನು ಹೊಡೆದುಹಾಕಿದ ಮೇಲೆ, ಸಮುದ್ರದ ತೈಲ ಬಾವಿಗಳ ವೇದಿಕೆಗಳನ್ನು ದುರಸ್ತಿ ಮಾಡುವ ಕೆಲಸ ಏಕಾಏಕಿ ಹೆಚ್ಚಿತು. ಸಿಗ್ನಲ್ ಇಂಟರ್‌ನ್ಯಾಷನಲ್ ಎಂಬ ಹಡಗುಕಟ್ಟೆ ಕಂಪನಿ ಎಚ್-2ಬಿ ವೀಸಾದ ಮೇಲೆ ಭಾರತದಿಂದ ಸುಮಾರು 500 ವೆಲ್ಡರುಗಳನ್ನೂ ಪೈಪ್ ಫಿಟ್ಟರುಗಳನ್ನೂ ಮಿಸಿಸಿಪ್ಪಿಯ ಪ್ಯಾಸ್ಕಗೂಲಾ ಮತ್ತು ಟೆಕ್ಸಸ್‌ನ ಆರೆಂಜ್ ಯಾರ್ಡುಗಳಿಗೆ ತರಿಸಿತು. ನೇಮಕಾತಿ ನಡೆಸಿದ ಮುಂಬಯಿಯ ಏಜೆಂಟ್ ಹಾಗೂ ಅಮೆರಿಕದ ವಲಸೆ ವಕೀಲರು ಒಬ್ಬೊಬ್ಬರಿಂದ 10,000 ಡಾಲರಿನಿಂದ 20,000 ಡಾಲರಿನವರೆಗೆ ವಸೂಲು ಮಾಡಿದರು. ಹೋದ ಮೇಲೆ ಹಸಿರು ಕಾರ್ಡ್ (ಕಾಯಂ ವಾಸದ ಪರವಾನಗಿ) ಸಿಗುತ್ತದೆ, ಹೆಂಡತಿ ಮಕ್ಕಳನ್ನೂ ಕರೆಸಿಕೊಳ್ಳಬಹುದು ಎಂಬುದು ಅವರು ಕೊಟ್ಟ ಮಾತು. ಜನ ಜಮೀನು ಮಾರಿದರು, ಒಡವೆ ಅಡವಿಟ್ಟರು, ಬಡ್ಡಿಗೆ ಸಾಲ ತಂದರು. ತಾತ್ಕಾಲಿಕ ಕೆಲಸದ ವೀಸಾಕ್ಕೆ ಹಸಿರು ಕಾರ್ಡಿನ ದಾರಿಯೇ ಇಲ್ಲವೆಂಬುದು ಅವರಿಗೆ ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆ. ಯಾರ್ಡಿನ ಒಳಗೇ ಬೇಲಿ ಹಾಕಿದ ಶಿಬಿರ, ಒಂದೊಂದು ಟ್ರೇಲರಿನಲ್ಲಿ 24 ಮಂದಿ, ಆ ವಾಸಕ್ಕೆ ಸಂಬಳದಿಂದ ದಿನಕ್ಕೆ 35 ಡಾಲರಿನಂತೆ ತಿಂಗಳಿಗೆ 1,050 ಡಾಲರ್ ಕಡಿತ. ಎಚ್-2ಎಯಲ್ಲಿ ವಸತಿ ಉಚಿತ, ಎಚ್-2ಬಿಯಲ್ಲಿ ಅಂಥ ಕಡ್ಡಾಯವಿಲ್ಲ ಎಂಬ ಸಣ್ಣ ವ್ಯತ್ಯಾಸದ ಬೆಲೆ ಇದು.

2007ರ ಮಾರ್ಚ್‌ನಲ್ಲಿ, ಸಂಘಟನೆಗೆ ಮುಂದಾದ ಕೆಲವರನ್ನು ಕಂಪನಿಯ ಕಾವಲುಗಾರರು ಬೆಳಗಿನ ಜಾವ ಹಿಡಿದು, ಭಾರತಕ್ಕೆ ವಾಪಸ್ ಕಳುಹಿಸುತ್ತೇವೆಂದರು. ಸಾಲ ತೀರದೆ ಊರಿಗೆ ಮರಳುವುದೆಂದರೆ ಏನೆಂದು ಬಲ್ಲ ಒಬ್ಬ ಕೆಲಸಗಾರ ಆಗ ತನ್ನ ಮಣಿಕಟ್ಟು ಕುಯ್ದುಕೊಂಡ, ಹೇಗೋ ಬದುಕಿದ. ಒಂದು ವರ್ಷದ ನಂತರ, 2008ರ ಮಾರ್ಚ್‌ನಲ್ಲಿ, ಸುಮಾರು ನೂರು ಮಂದಿ ಕೆಲಸ ಬಿಟ್ಟು ಹೊರನಡೆದರು, ರಾಜಧಾನಿ ವಾಷಿಂಗ್ಟನ್‌ವರೆಗೆ ಹೋಗಿ ಉಪವಾಸ ಸತ್ಯಾಗ್ರಹ ಕೂತರು. ಮೊಕದ್ದಮೆ ತೀರ್ಮಾನಕ್ಕೆ ಬಂದದ್ದು 2015ರ ಫೆಬ್ರವರಿಯಲ್ಲಿ. ನ್ಯೂ ಆರ್ಲಿಯನ್ಸ್‌ನ ಫೆಡರಲ್ ಜ್ಯೂರಿ ಮೊದಲ ಐವರು ಫಿರ್ಯಾದಿಗಳಿಗೆ ಒಟ್ಟು ಒಂದು ಕೋಟಿ 40 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದಿತು. ಅದೇ ವರ್ಷ ಕಂಪನಿ ದಿವಾಳಿ ಅರ್ಜಿ ಹಾಕಿ, ಉಳಿದ ಪ್ರಕರಣಗಳನ್ನು ಎರಡು ಕೋಟಿ ಡಾಲರಿಗೆ ಇತ್ಯರ್ಥ ಮಾಡಿಕೊಂಡಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಗೆಲುವಿನಲ್ಲಿ ಮುಗಿಸುತ್ತಾರೆ. ಗೆಲುವು ದೊಡ್ಡದೇ, ಅದನ್ನು ಸಣ್ಣದು ಮಾಡುವ ಇರಾದೆ ನನಗಿಲ್ಲ. ಆದರೆ ನಿಯಮ ರೂಪಿಸುವವರು ನೋಡಬೇಕಾದದ್ದು ನಡುವಿನ ಅವಧಿಯನ್ನು. ಆ ಜನ ನುರಿತ ಕೆಲಸಗಾರರು. ಆ ಹೊತ್ತಿನಲ್ಲಿ ಕೊಲ್ಲಿಯ ತೀರದ ಪ್ರತಿಯೊಂದು ಯಾರ್ಡೂ ವೆಲ್ಡರುಗಳಿಗಾಗಿ ಬಾಯಿಬಿಡುತ್ತಿತ್ತು. ಪಕ್ಕದ ಯಾರ್ಡಿಗೆ ಹೋಗುವ ಹಕ್ಕೊಂದು ಅವರಿಗಿದ್ದಿದ್ದರೆ, 24 ಮಂದಿಯ ಟ್ರೇಲರಿಗೆ 1,050 ಡಾಲರ್ ಕೇಳುವ ಧೈರ್ಯವೇ ಕಂಪನಿಗೆ ಬರುತ್ತಿರಲಿಲ್ಲ. ಏಳು ವರ್ಷಗಳ ವ್ಯಾಜ್ಯ ಕೊಟ್ಟದ್ದನ್ನು ಒಂದು ವಾರದ ನೋಟಿಸ್ ಕೊಡಬಹುದಾಗಿತ್ತು.

ಸಾಲ ಮತ್ತು ಹಂಗಾಮಿನ ಈ ಗಂಟು ನಮಗೆ ಹೊಸದಲ್ಲ. ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬು ಕಡಿಯುವ ಗ್ಯಾಂಗುಗಳ ಏರ್ಪಾಡು ಬಲ್ಲವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಹಂಗಾಮಿಗೆ ಮುನ್ನ ಮುಕಾದಮನ ಮೂಲಕ ಮುಂಗಡ, ಆ ಮುಂಗಡ ತೀರುವವರೆಗೆ ಗಂಡ ಹೆಂಡತಿ ಇಬ್ಬರೂ ಕಡಿಯಬೇಕು, ತೀರದಿದ್ದರೆ ಬಾಕಿ ಮುಂದಿನ ಹಂಗಾಮಿಗೆ. ಒಂದು ವ್ಯತ್ಯಾಸವಿದೆ. ಕಬ್ಬಿನ ಮುಂಗಡ ಕೊಟ್ಟವನಿಗೇ ದುಡಿಮೆಯೂ ಸಲ್ಲುತ್ತದೆ. ವೀಸಾದ ಸಾಲ ಊರಿನ ಬಡ್ಡಿ ವ್ಯಾಪಾರಿಗೆ ಸಲ್ಲಬೇಕಾದದ್ದು, ಅದರ ಲಾಭವಾದ ವಿಧೇಯತೆ ಮಾತ್ರ ಸಾವಿರಾರು ಮೈಲಿ ದೂರದ ಮಾಲೀಕನಿಗೆ ಪುಕ್ಕಟೆಯಾಗಿ ಸಿಗುತ್ತದೆ. ಹಾಗಾಗಿಯೇ 'ನಾನು ಯಾರಿಂದಲೂ ಹಣ ಪಡೆದಿಲ್ಲ' ಎಂದು ಆತ ಪ್ರಾಮಾಣಿಕವಾಗಿಯೇ ಹೇಳಬಲ್ಲ.

'ಅವರೆಲ್ಲ ತಾವಾಗಿಯೇ ಒಪ್ಪಿ ಬಂದವರಲ್ಲವೇ' ಎಂಬ ಮಾತಿಗೆ ನಮ್ಮ ಸರ್ವೋಚ್ಚ ನ್ಯಾಯಾಲಯ 1982ರಲ್ಲೇ ಉತ್ತರ ಕೊಟ್ಟಿದೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳಲ್ಲಿ ದುಡಿಯುತ್ತಿದ್ದ ಕೂಲಿಕಾರರ ಪರವಾಗಿ ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಹೂಡಿದ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು, ಸಂವಿಧಾನದ 23ನೆಯ ವಿಧಿ ನಿಷೇಧಿಸುವ ಬಲವಂತದ ದುಡಿಮೆಯಲ್ಲಿ ಹಸಿವು ಮತ್ತು ಬಡತನದ ಬಲವಂತವೂ ಸೇರುತ್ತದೆ ಎಂದು ತೀರ್ಪು ಬರೆದರು. ಬೇರೆ ದಾರಿಯೇ ಇಲ್ಲದವನು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯಲು ಒಪ್ಪಿದರೆ ಆ ಒಪ್ಪಿಗೆಯನ್ನು ಒಪ್ಪಿಗೆ ಎಂದು ಎಣಿಸಲಾಗದು ಎಂಬುದು ಅದರ ಸಾರ. ಹೊರದೇಶಗಳ ವೀಸಾ ನಿಯಮಗಳಿಗೆ ಆ ತೀರ್ಪು ಅನ್ವಯಿಸುವುದಿಲ್ಲ, ಸರಿ. ಆದರೆ ನಮ್ಮವರನ್ನು ಕಳುಹಿಸುವ ಕರಾರುಗಳಿಗೆ ಸಹಿ ಹಾಕುವಾಗ ನಮ್ಮ ಸರ್ಕಾರ ಅದನ್ನು ಮರೆಯಬೇಕಾಗಿಲ್ಲ.

ಹಾಗೆಂದು ಅಲ್ಲಿನ ರೈತನ ಅಳಲನ್ನು ತಳ್ಳಿಹಾಕುವಂತಿಲ್ಲ. ಸ್ಟ್ರಾಬೆರಿ ಹಣ್ಣಾದ ಮೇಲೆ ಮೂರು ನಾಲ್ಕು ದಿನ ಕಾಯುವುದಿಲ್ಲ. ಎಚ್-2ಎಯ ಅರ್ಜಿ ಮೊದಲು ರಾಜ್ಯದ ಉದ್ಯೋಗ ಕಚೇರಿ, ಆಮೇಲೆ ಕೇಂದ್ರ ಕಾರ್ಮಿಕ ಇಲಾಖೆ, ಆಮೇಲೆ ವಲಸೆ ಇಲಾಖೆ, ಕೊನೆಗೆ ವಿದೇಶದ ದೂತಾವಾಸ ಹೀಗೆ ನಾಲ್ಕು ಬಾಗಿಲು ದಾಟಬೇಕು. ಕೆಲಸ ಶುರುವಾಗುವ ಎರಡು ತಿಂಗಳ ಮುಂಚೆಯೇ ಮೊದಲ ಕಾಗದ ಹೊರಡಬೇಕು. ದೊಡ್ಡ ತೋಟಗಳು ಇದಕ್ಕೆಂದೇ ಆಳು ಇಟ್ಟುಕೊಳ್ಳುತ್ತವೆ. ಸಣ್ಣ ರೈತ ಮಧ್ಯವರ್ತಿಯ ಕಾಲು ಹಿಡಿಯುತ್ತಾನೆ, ಅಲ್ಲಿಂದಲೇ ಗುತ್ತಿಗೆದಾರರ ಪ್ರಾಬಲ್ಯ ಬೆಳೆಯುತ್ತದೆ. ಜಾರ್ಜಿಯಾ ರಾಜ್ಯದಲ್ಲಿ 2021ರ ನವೆಂಬರಿನಲ್ಲಿ ಬಯಲಾದ 'ಬ್ಲೂಮಿಂಗ್ ಆನಿಯನ್' ಪ್ರಕರಣದ ದೋಷಾರೋಪ ಪಟ್ಟಿಯಲ್ಲಿದ್ದ 24 ಮಂದಿ ಇಂಥ ನೇಮಕಾತಿ ಜಾಲಕ್ಕೆ ಸೇರಿದವರು. ಕೆಲಸಗಾರರಿಂದ ಬರಿಗೈಯಲ್ಲಿ ಈರುಳ್ಳಿ ಅಗೆಸಿ, ಬುಟ್ಟಿಗೆ 20 ಸೆಂಟ್ ಕೊಡುತ್ತಿದ್ದರು, ಕಾಗದಪತ್ರಗಳನ್ನು ಕಿತ್ತಿಟ್ಟುಕೊಂಡಿದ್ದರು ಎಂಬುದು ಅದರಲ್ಲಿನ ಆರೋಪ. ಹೈನುಗಾರಿಕೆಯವರ ದೂರು ಬೇರೆ. ಹಸು ವರ್ಷಪೂರ್ತಿ ಹಾಲು ಕೊಡುತ್ತದೆ, ಅದು 'ಹಂಗಾಮಿನ ಕೆಲಸ' ಅಲ್ಲ, ಆದ್ದರಿಂದ ಅವರಿಗೆ ಈ ವೀಸಾ ಇಲ್ಲವೇ ಇಲ್ಲ. ಪರಿಣಾಮವಾಗಿ ಅಲ್ಲಿ ದಾಖಲೆಯಿಲ್ಲದ ದುಡಿಮೆ ತುಂಬಿದೆ.

ಎಚ್-2ಬಿಯ ಕಥೆ ಲಾಟರಿಯದು. 66,000ವನ್ನು ವರ್ಷದ ಎರಡು ಅರ್ಧಗಳಿಗೆ 33,000ದಂತೆ ಹಂಚಲಾಗಿದೆ. ಬೇಸಿಗೆಯ ಅರ್ಧಕ್ಕೆ ಕೆಲವು ವರ್ಷಗಳಲ್ಲಿ ಮಿತಿಯ ನಾಲ್ಕು ಪಟ್ಟು ಹುದ್ದೆಗಳಿಗೆ ಅರ್ಜಿ ಬಂದಿದೆ. ಮೇರಿಲ್ಯಾಂಡ್‌ನ ಹೂಪರ್ಸ್ ದ್ವೀಪದಲ್ಲಿ ಬೇಯಿಸಿದ ಏಡಿಯ ಚಿಪ್ಪು ಬಿಡಿಸಿ ಮಾಂಸ ತೆಗೆಯುವ ಕೆಲಸಕ್ಕೆ ದಶಕಗಳಿಂದ ಮೆಕ್ಸಿಕೊದ ಹೆಂಗಸರು ಬರುತ್ತಿದ್ದಾರೆ. ಚಿಕ್ಕ ಚಾಕು, ಒಂದು ಪೌಂಡಿಗೆ ಇಷ್ಟೆಂದು ಕೂಲಿ, ಬೆಳಗಿನ ಜಾವದಿಂದ ಕೈಗೆ ಬಿಡುವಿಲ್ಲ. 2018ರಲ್ಲಿ ಲಾಟರಿ ಎತ್ತಿದಾಗ ಅಲ್ಲಿನ ಹಲವು ಏಡಿ ಕಂಪನಿಗಳಿಗೆ ಒಬ್ಬ ಕೆಲಸಗಾರ್ತಿಯೂ ಸಿಗಲಿಲ್ಲ, ಸಿಕ್ಕವರಿಗೆ ಪೂರ್ತಿ ತಂಡ ಸಿಕ್ಕಿತು. ಇಪ್ಪತ್ತು ವರ್ಷ ಬಂದು ಹೋಗುತ್ತಿದ್ದ ಹೆಂಗಸಿಗೂ, ಮೊದಲ ಸಲ ಅರ್ಜಿ ಹಾಕಿದವಳಿಗೂ ಲಾಟರಿಯ ಮುಂದೆ ಭೇದವಿಲ್ಲ. ಇತ್ತೀಚಿನ ವರ್ಷಗಳಲ್ಲಿ ಹೆಚ್ಚುವರಿಯಾಗಿ 64,716 ವೀಸಾಗಳವರೆಗೆ ಬಿಡುಗಡೆ ಮಾಡಲಾಗುತ್ತಿದೆ, ಆದರೆ ಅದು ಆಯಾ ವರ್ಷದ ಕೃಪೆ. 1990ರಲ್ಲಿ ಬರೆದ ಅಂಕಿಯನ್ನು ತಿದ್ದುವ ಬದಲು ಪ್ರತಿವರ್ಷ ವಿನಾಯಿತಿ ಕೊಡುತ್ತಾ ಹೋಗುವುದನ್ನು ನೀತಿ ಎಂದು ಕರೆಯುವುದು ಕಷ್ಟ.

ಸುಧಾರಣೆಯ ಯತ್ನಗಳೇ ಆಗಿಲ್ಲವೆಂದಲ್ಲ. ಕೃಷಿ ಕಾರ್ಮಿಕರ ಕುರಿತ ಸಮಗ್ರ ಮಸೂದೆಯೊಂದು ಅಮೆರಿಕದ ಕೆಳಮನೆಯಲ್ಲಿ 2019ರಲ್ಲೂ 2021ರಲ್ಲೂ ಅಂಗೀಕಾರವಾಗಿ ಸೆನೆಟ್‌ನಲ್ಲಿ ನಿಂತುಹೋಯಿತು. ಅದರಲ್ಲಿ ಹೈನುಗಾರಿಕೆಗೆ ವರ್ಷಪೂರ್ತಿಯ ವೀಸಾಗಳೂ, ಒಂದು ಮಾಲೀಕನಿಂದ ಇನ್ನೊಬ್ಬನಲ್ಲಿಗೆ ಹೋಗಬಲ್ಲ ಪ್ರಾಯೋಗಿಕ ವೀಸಾವೂ ಇದ್ದವು. ಶಾಸನ ಸಾಗದಿದ್ದಾಗ ಇಲಾಖೆಗಳು ನಿಯಮಗಳ ಮೂಲಕ ಹೆಜ್ಜೆ ಇಟ್ಟವು. 2025ರ ಜನವರಿ 17ರಿಂದ ಜಾರಿಗೆ ಬಂದ ವಲಸೆ ನಿಯಮವನ್ನು ನಾನು ಈ ದಿಕ್ಕಿನಲ್ಲಿ ಬಹಳ ಮುಖ್ಯವೆಂದು ಎಣಿಸುತ್ತೇನೆ. ಹೊಸ ಮಾಲೀಕ ಅರ್ಜಿ ಸಲ್ಲಿಸಿದೊಡನೆ, ಅದು ಮಂಜೂರಾಗುವ ಮುಂಚೆಯೇ, ಎಚ್-2 ಕೆಲಸಗಾರ ಅವನಲ್ಲಿ ಕೆಲಸ ಶುರು ಮಾಡಬಹುದು. ಕೆಲಸ ಹೋದವನಿಗೆ ಬೇರೆ ಕೆಲಸ ಹುಡುಕಲು ಅಥವಾ ಹೊರಡಲು 60 ದಿನಗಳವರೆಗೆ ಅವಕಾಶ. ನಿಷಿದ್ಧ ಶುಲ್ಕ ವಸೂಲಾದರೆ ಮಾಲೀಕನ ಅರ್ಜಿಯೇ ತಿರಸ್ಕೃತವಾಗುವ ಸಾಧ್ಯತೆಯನ್ನೂ ಅದು ಬಿಗಿಗೊಳಿಸಿತು.

ಕಾರ್ಮಿಕ ಇಲಾಖೆಯ ಇನ್ನೊಂದು ನಿಯಮಕ್ಕೆ ಈ ಭಾಗ್ಯವಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ಪ್ರಕಟವಾದ ಅದು, 'ಸಕಾರಣವಾಗಿ ಕೆಲಸದಿಂದ ತೆಗೆಯುವುದು' ಎಂದರೇನೆಂದು ವಿವರಿಸಿತ್ತು, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದನ್ನು ನಿಷೇಧಿಸಿತ್ತು, ಕೆಲಸಗಾರರನ್ನು ಒಯ್ಯುವ ವಾಹನಗಳಲ್ಲಿ ಸೀಟ್ ಬೆಲ್ಟ್ ಕೇಳಿತ್ತು. ಅದು ಜಾರಿಗೆ ಬರುವ ಮುನ್ನ, ಮೇ 14ರ ಬೆಳಿಗ್ಗೆ, ಫ್ಲಾರಿಡಾದ ಒಕಾಲಾ ಬಳಿ ಕಲ್ಲಂಗಡಿ ತೋಟಕ್ಕೆ ಹೊರಟಿದ್ದ ಬಸ್ ಅಪಘಾತಕ್ಕೀಡಾಗಿ ಮೆಕ್ಸಿಕೊದ ಎಂಟು ಕೆಲಸಗಾರರು ಸತ್ತರು. ಆಗಸ್ಟ್‌ನಲ್ಲಿ ಜಾರ್ಜಿಯಾದ ಫೆಡರಲ್ ನ್ಯಾಯಾಲಯ ಆ ನಿಯಮಕ್ಕೆ 17 ರಾಜ್ಯಗಳಲ್ಲಿ ತಡೆ ಕೊಟ್ಟಿತು, 2025ರ ಜೂನ್‌ನಲ್ಲಿ ಇಲಾಖೆಯೇ ಅದರ ಜಾರಿಯನ್ನು ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೂಲಿ ದರದ ಲೆಕ್ಕಾಚಾರವನ್ನೇ ಬದಲಿಸಿ, ಕೌಶಲದ ಎರಡು ಹಂತಗಳನ್ನು ಮಾಡಿ, ಎಚ್-2ಎ ಕೆಲಸಗಾರರಿಗೆ ಕೊಡುವ ವಸತಿಯ ಬೆಲೆಯನ್ನು ದರದಲ್ಲಿ ಹೊಂದಿಸಿಕೊಳ್ಳಲು ಅವಕಾಶ ಕೊಡಲಾಯಿತು. ಉಚಿತ ವಸತಿ ಎಂಬ ಹಳೆಯ ಮಾತು ಕಾಗದದಲ್ಲಿ ಉಳಿದು, ಕೂಲಿಯ ಲೆಕ್ಕದಲ್ಲಿ ಕರಗಿತು. ನಿಯಮದಿಂದ ಬಂದದ್ದು ನಿಯಮದಿಂದಲೇ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಮಾಲೀಕನನ್ನು ಬದಲಿಸುವ ಹಕ್ಕಿಗೆ ಇರುವ ಗಟ್ಟಿ ಆಕ್ಷೇಪವೆಂದರೆ ಖರ್ಚಿನದು. ವೀಸಾ, ಪ್ರಯಾಣ, ವಸತಿಗೆ ಹಣ ಹಾಕಿ ಕರೆಸಿದವನು ಎರಡನೆಯ ವಾರದಲ್ಲಿ ಪಕ್ಕದ ತೋಟಕ್ಕೆ ಹೋದರೆ ಯಾರು ತಾನೇ ಕರೆಸುತ್ತಾರೆ? ಆಕ್ಷೇಪ ನ್ಯಾಯವಾದದ್ದೇ, ಆದರೆ ಅದಕ್ಕೆ ಪರಿಹಾರ ಕೆಲಸಗಾರನನ್ನು ಕಟ್ಟಿಹಾಕುವುದಲ್ಲ. ಹೊಸ ಮಾಲೀಕ ಉಳಿದ ಅವಧಿಗೆ ಅನುಗುಣವಾಗಿ ಹಳೆಯವನ ಖರ್ಚನ್ನು ತುಂಬಿಕೊಡುವಂತೆ ಮಾಡಬಹುದು. ಕೆಲಸಗಾರ ದೇಶದಾದ್ಯಂತ ಅಲೆಯದೆ, ಅದೇ ವೀಸಾಕ್ಕೆ ಮಂಜೂರಾತಿ ಪಡೆದ ಮಾಲೀಕರ ನಡುವೆ ಮಾತ್ರ ಬದಲಾಗಬಹುದು ಎನ್ನಬಹುದು. ಮುಂದಿನ ವರ್ಷದ ಪಟ್ಟಿಯ ಭಯಕ್ಕೂ ಮದ್ದಿದೆ. ಉತ್ತರ ಕೆರೊಲಿನಾದಲ್ಲಿ 2004ರಲ್ಲಿ ಕೃಷಿ ಕಾರ್ಮಿಕರ ಸಂಘವೊಂದು ಅಲ್ಲಿನ ಬೆಳೆಗಾರರ ಒಕ್ಕೂಟದೊಡನೆ ಎಚ್-2ಎ ಕೆಲಸಗಾರರ ಪರವಾಗಿ ಒಪ್ಪಂದ ಮಾಡಿಕೊಂಡಿತು. ಸೌತೆಕಾಯಿ ಉಪ್ಪಿನಕಾಯಿಯ ದೊಡ್ಡ ಕಂಪನಿಯೊಂದರ ಮೇಲೆ ಐದು ವರ್ಷ ನಡೆದ ಬಹಿಷ್ಕಾರದ ಫಲ ಅದು. ಸೇವಾ ಹಿರಿತನದ ಪ್ರಕಾರ ಮರಳಿ ಕರೆಸಬೇಕೆಂಬುದು ಅದರ ಒಂದು ಷರತ್ತು. ದೂರು ಕೊಟ್ಟವನ ಹೆಸರು ಪಟ್ಟಿಯಿಂದ ಮೆಲ್ಲಗೆ ಮಾಯವಾಗುವ ಅಭ್ಯಾಸಕ್ಕೆ ಆ ಒಂದು ಷರತ್ತು ಕೊಟ್ಟಷ್ಟು ಪೆಟ್ಟನ್ನು ದಂಡಗಳು ಕೊಟ್ಟಿಲ್ಲವೆಂದು ನನ್ನ ಅನಿಸಿಕೆ.

ಕೆನಡಾ ಬೇರೆ ದಾರಿ ಹಿಡಿಯಿತು. 1966ರಲ್ಲಿ ಜಮೈಕಾದವರಿಂದ ಆರಂಭವಾದ ಅಲ್ಲಿನ ಹಂಗಾಮಿನ ಕೃಷಿ ಕಾರ್ಯಕ್ರಮದಲ್ಲೂ ವೀಸಾ ಮಾಲೀಕನಿಗೆ ಕಟ್ಟಿದ್ದೇ. 2019ರ ಜೂನ್‌ನಿಂದ, ಶೋಷಣೆಗೆ ಒಳಗಾದ ಕೆಲಸಗಾರರಿಗೆ ಯಾರಲ್ಲಾದರೂ ದುಡಿಯಬಲ್ಲ ಮುಕ್ತ ಪರವಾನಗಿ ಕೊಡಲಾಗುತ್ತಿದೆ. ಕೇಳಲು ಹಿತವಾಗಿದೆ. ಆದರೆ ಶೋಷಣೆಯನ್ನು ಮೊದಲು ತೋರಿಸಬೇಕು, ಅರ್ಜಿ ಬರೆಯಬೇಕು, ಆ ತನಕ ಅದೇ ಮಾಲೀಕನ ಮನೆಯಲ್ಲೇ ಮಲಗಬೇಕು. 2023ರಲ್ಲಿ ಕೆನಡಾಕ್ಕೆ ಭೇಟಿ ಕೊಟ್ಟ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟೊಮೊಯಾ ಒಬೊಕಾಟಾ ಅವರು, ಈ ತಾತ್ಕಾಲಿಕ ಕಾರ್ಯಕ್ರಮಗಳು ಆಧುನಿಕ ಗುಲಾಮಗಿರಿ ಹುಟ್ಟುವ ನೆಲ ಎಂಬರ್ಥದ ಮಾತಾಡಿದಾಗ ಈ ಪರವಾನಗಿ ಜಾರಿಗೆ ಬಂದು ನಾಲ್ಕು ವರ್ಷಗಳಾಗಿದ್ದವು. ಬ್ರಿಟನ್ನಿನಲ್ಲಿ 2019ರಲ್ಲಿ 2,500 ಮಂದಿಯ ಪ್ರಯೋಗವಾಗಿ ಶುರುವಾದ ಆರು ತಿಂಗಳ ವೀಸಾ ಕೆಲವೇ ವರ್ಷಗಳಲ್ಲಿ ಹತ್ತಾರು ಸಾವಿರಕ್ಕೆ ಏರಿತು. ಉಕ್ರೇನ್ ಯುದ್ಧದ ನಂತರ ನೇಮಕಾತಿ ನೇಪಾಳ, ಇಂಡೊನೇಷ್ಯಾ, ಮಧ್ಯ ಏಷ್ಯಾಗಳಿಗೆ ಹೊರಳಿದಾಗ, ಆರು ತಿಂಗಳ ಗಳಿಕೆಯ ಲೆಕ್ಕ ಹಾಕಿ ಸಾಲ ಮಾಡಿ ಹೋದ ನೇಪಾಳಿಗಳಲ್ಲಿ ಕೆಲವರನ್ನು ಎರಡು ತಿಂಗಳಿಗೇ ವಾಪಸ್ ಕಳುಹಿಸಲಾಯಿತು. ಅಲ್ಲಿನ ವಲಸೆ ಸಲಹಾ ಸಮಿತಿ 2024ರಲ್ಲಿ, ಕನಿಷ್ಠ ಎರಡು ತಿಂಗಳ ಕೂಲಿಯ ಖಾತ್ರಿ ಕೊಡಿ ಎಂದು ಶಿಫಾರಸು ಮಾಡಿತು. ಅಷ್ಟಾದರೂ ಆದರೆ ಹೋಗಿಬರುವ ಸಾಲವಾದರೂ ತೀರೀತು.

ಇನ್ನು ನಮ್ಮ ಬಾಗಿಲಿಗೆ ಬರೋಣ. 2023ರ ನವೆಂಬರಿನಲ್ಲಿ ಭಾರತ ಇಟಲಿಯೊಡನೆ ವಲಸೆ ಒಪ್ಪಂದಕ್ಕೆ ಸಹಿ ಹಾಕಿತು. ಹಂಗಾಮಿನ ಕೆಲಸಗಾರರಿಗೆ 2023ಕ್ಕೆ 3,000, 2024ಕ್ಕೆ 4,000, 2025ಕ್ಕೆ 5,000 ಎಂಬ ಕೋಟಾ ಅದರಲ್ಲಿದೆ. ಇಟಲಿಯ ವ್ಯವಸ್ಥೆ ಹೀಗೆ: ನಿಗದಿಯಾದ ದಿನ, ನಿಗದಿಯಾದ ಗಂಟೆಗೆ ಮಾಲೀಕರು ಆನ್‌ಲೈನ್‌ನಲ್ಲಿ ಅರ್ಜಿ ಒತ್ತಬೇಕು, ಮೊದಲು ಒತ್ತಿದವರಿಗೆ ಮೊದಲು. ಕೆಲಸಗಾರ ಬಂದಿಳಿದ ಮೇಲೆ ಇಬ್ಬರೂ ಕರಾರಿಗೆ ಸಹಿ ಹಾಕಿದರೆ ಮಾತ್ರ ವಾಸದ ಪರವಾನಗಿ. ಬಂದಿಳಿದಾಗ ಮಾಲೀಕನೇ ಇಲ್ಲದಿದ್ದರೆ? 2024ರ ಜೂನ್‌ನಲ್ಲಿ ಪ್ರಧಾನಿ ಜಾರ್ಜಿಯಾ ಮೆಲೋನಿ ಅವರೇ ತಮ್ಮ ದೇಶದ ಮಾಫಿಯಾ ವಿರೋಧಿ ಪ್ರಾಸಿಕ್ಯೂಟರ್ ಮುಂದೆ ದೂರು ಒಯ್ದರು. ಒಟ್ಟು 2,82,000 ಅರ್ಜಿಗಳಲ್ಲಿ 1,57,000 ಕಂಪಾನಿಯಾ ಪ್ರಾಂತ್ಯ ಒಂದರಿಂದಲೇ ಬಂದಿದ್ದವು, ವೀಸಾ ಪಡೆದವರಲ್ಲಿ ಅತ್ಯಲ್ಪ ಮಂದಿ ಮಾತ್ರ ಕರಾರಿಗೆ ಸಹಿ ಹಾಕಿದ್ದರು. ಉಳಿದವರು ಹಣ ಕೊಟ್ಟು ವೀಸಾ ಕೊಂಡು, ಬಂದಿಳಿದ ಕೆಲವೇ ದಿನಗಳಲ್ಲಿ ಕಾನೂನಿನ ಹೊರಗೆ ಬಿದ್ದವರು. ಅದೇ ಜೂನ್‌ನಲ್ಲಿ ರೋಮ್‌ನ ದಕ್ಷಿಣದ ಲಾತೀನಾ ಪ್ರದೇಶದಲ್ಲಿ, ದಾಖಲೆಯಿಲ್ಲದೆ ದುಡಿಯುತ್ತಿದ್ದ ಪಂಜಾಬಿನ ಯುವಕನೊಬ್ಬನ ತೋಳು ಯಂತ್ರಕ್ಕೆ ಸಿಕ್ಕಿ ಕತ್ತರಿಸಿಹೋಯಿತು. ಆಸ್ಪತ್ರೆಗೆ ಸೇರಿಸುವ ಬದಲು ಅವನನ್ನು ಅವನ ವಾಸದ ಮನೆಯ ಮುಂದೆ ಬಿಟ್ಟುಹೋದರು. ಅವನು ಬದುಕಲಿಲ್ಲ.

ನಮ್ಮ 1983ರ ವಲಸೆ ಕಾಯ್ದೆ ಬರೆದದ್ದು ಕೊಲ್ಲಿ ದೇಶಗಳನ್ನು ಕಣ್ಣಮುಂದೆ ಇಟ್ಟುಕೊಂಡು. ಹತ್ತನೆಯ ತರಗತಿ ಪಾಸಾಗದವರು ಹೊರಡುವ ಮುನ್ನ ಸರ್ಕಾರದ ಅನುಮತಿ ಪಡೆಯಬೇಕಾದ ದೇಶಗಳ ಪಟ್ಟಿಯಲ್ಲಿರುವುದು 18 ಹೆಸರು. ಅದರಲ್ಲಿ ಇಟಲಿಯೂ ಇಲ್ಲ, ಬ್ರಿಟನ್ನೂ ಇಲ್ಲ, ಅಮೆರಿಕವೂ ಇಲ್ಲ. ಮಂಗಳೂರಿನಿಂದ ಕುವೈತಿಗೆ ಹೋಗುವ ಕೂಲಿಕಾರನ ಕರಾರನ್ನು ಒಬ್ಬ ಅಧಿಕಾರಿಯಾದರೂ ಓದುತ್ತಾನೆ, ಅದೇ ಊರಿನಿಂದ ಲಾತೀನಾದ ತೋಟಕ್ಕೆ ಹೋಗುವವನದನ್ನು ಯಾರೂ ಓದುವುದಿಲ್ಲ. ಇನ್ನೊಂದು ವಿಪರ್ಯಾಸ: ಅಮೆರಿಕದ ನಿಯಮ ಕೆಲಸಗಾರನಿಂದ ಶುಲ್ಕವನ್ನೇ ಪಡೆಯಬಾರದೆನ್ನುತ್ತದೆ, ನಮ್ಮ ನಿಯಮ ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಪಡೆಯಬಹುದೆನ್ನುತ್ತದೆ. ಮಿತಿಯನ್ನು ಯಾರೂ ಪಾಲಿಸುವುದಿಲ್ಲವೆಂಬುದು ಆಮೇಲಿನ ಮಾತು, ಕೆಲಸಗಾರ ಹಣ ಕೊಡಬೇಕೆಂಬ ತತ್ತ್ವಕ್ಕೆ ಮೊದಲ ಮುದ್ರೆ ಒತ್ತಿದ್ದು ನಾವೇ.

2025ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಈ ಹಳೆಯ ಕಾಯ್ದೆಯ ಬದಲಿಗೆ ಹೊಸ ಮಸೂದೆಯ ಕರಡನ್ನು ಸಾರ್ವಜನಿಕರ ಮುಂದಿಟ್ಟಿತು. ಕಾನೂನು ಓದುತ್ತಿರುವ ನೀವು ಅದನ್ನು ಮೂರು ಪ್ರಶ್ನೆ ಇಟ್ಟುಕೊಂಡು ಓದಬೇಕೆಂದು ನನ್ನ ಕೋರಿಕೆ. ನೇಮಕಾತಿಯ ಪೂರ್ತಿ ಖರ್ಚು ಮಾಲೀಕನದೇ ಎಂದು ಅದು ಹೇಳುತ್ತದೆಯೇ? ಕೆಲಸಗಾರ ಹೋಗುವ ದೇಶ ಯಾವುದೇ ಆಗಿರಲಿ, ಕರಾರಿನ ನಕಲು ಅವನ ಭಾಷೆಯಲ್ಲಿ, ಎಂದರೆ ಕನ್ನಡದಲ್ಲೂ, ಹೊರಡುವ ಮುನ್ನ ಅವನ ಕೈಗೆ ಸಿಗುತ್ತದೆಯೇ? ದ್ವಿಪಕ್ಷೀಯ ಒಪ್ಪಂದಗಳಲ್ಲಿ ಮಾಲೀಕನನ್ನು ಬದಲಿಸುವ ಹಕ್ಕನ್ನು ಕೇಳಲು ಸರ್ಕಾರವನ್ನು ಅದು ಹೊಣೆಯಾಗಿಸುತ್ತದೆಯೇ? ನೂರಕ್ಕಿಂತ ಹೆಚ್ಚು ಮಂದಿಯನ್ನು ಕಳುಹಿಸುವ ಏಜೆಂಟರಿಂದ ಈಗ 50 ಲಕ್ಷ ರೂಪಾಯಿಗಳ ಬ್ಯಾಂಕ್ ಗ್ಯಾರಂಟಿ ಪಡೆಯಲಾಗುತ್ತಿದೆ. ಇಟಲಿಯಲ್ಲಿ ಇಳಿದವನಿಗೆ ಮಾಲೀಕ ಸಿಗದಿದ್ದಲ್ಲಿ, ವ್ಯಾಜ್ಯಕ್ಕೆ ಕಾಯದೆ, ಅವನ ಮರಳುವ ಟಿಕೆಟ್ಟನ್ನೂ ಅವನು ಕೊಟ್ಟ ಹಣವನ್ನೂ ಮೊದಲು ಆ ಗ್ಯಾರಂಟಿಯಿಂದ ತೀರಿಸಿ, ಆಮೇಲೆ ಏಜೆಂಟನ ಜೊತೆ ಸರ್ಕಾರ ಲೆಕ್ಕ ನೋಡಿಕೊಳ್ಳಲಿ. ಅದಕ್ಕೆ ಬೇಕಾದದ್ದು ಕರಡಿನಲ್ಲಿ ಒಂದು ಉಪವಿಧಿ.